ಜೆಂಡರ್, ಎಲ್‌ಜಿಬಿಟಿಕ್ಯೂ ಬಗ್ಗೆ ಗೆಸ್ಟ್ ಲೆಕ್ಚರ್ ಇಡೋದು ಹೇಗೆ

ಯೂನಿವರ್ಸಿಟೀಲಿ ಎಲ್‌ಜಿಬಿಟಿಕ್ಯೂ, ಅಂದ್ರೆ ಸಲಿಂಗಕಾಮಿ, ಟ್ರಾನ್ಸ್ ಮುಂತಾದವರ ಬಗ್ಗೆ ಪ್ರೋಗ್ರಾಂ ಅಂದ್ರೆ ಸಾಮಾನ್ಯವಾಗಿ ಏನಾಗುತ್ತೆ ಅಂದ್ರೆ, ಒಬ್ರು ಟ್ರಾನ್ಸ್ ವ್ಯಕ್ತೀನ (ಹುಟ್ಟಿದಾಗ ಗಂಡು ಅಥವಾ ಹೆಣ್ಣು ಅಂತ ಬರೆದಿದ್ದಕ್ಕಿಂತ ಬೇರೆ ಗುರುತಿನಲ್ಲಿ ಬದುಕೋರನ್ನ) ಕರೀತಾರೆ, "ನಿಮ್ಮ ಕಥೆ ಹೇಳಿ" ಅಂತಾರೆ, ಅವ್ರು ಮನೆ ಬಿಟ್ಟಿದ್ದು ಅತ್ತಿದ್ದು ಎಲ್ಲ ಹೇಳ್ತಾರೆ, ನಾವು ಚಪ್ಪಾಳೆ ಹೊಡೆದು ಎದ್ದು ಹೋಗ್ತೀವಿ. ಅವ್ರು ವಕೀಲರೋ ನರ್ಸೋ ಯಾರೂ ಕೇಳಲ್ಲ.

ಅದಕ್ಕೇ ಮೊದ್ಲು ವಿಷಯ ಗಟ್ಟಿ ಮಾಡ್ಕೊಳಿ, ಆಮೇಲೆ ಸ್ಪೀಕರ್ ಹುಡುಕಿ. "ಎಲ್‌ಜಿಬಿಟಿಕ್ಯೂ ಜಾಗೃತಿ" ವಿಷಯ ಅಲ್ಲ, ಅದು ಬ್ಯಾನರ್ ಅಷ್ಟೆ. ವಿಷಯ ಅಂದ್ರೆ ಹೀಗಿರ್ಬೇಕು: ವಿಶ್ವ ಆರೋಗ್ಯ ಸಂಸ್ಥೆ ಸಲಿಂಗಕಾಮವನ್ನ ರೋಗಗಳ ಪಟ್ಟಿಯಿಂದ ಕೈಬಿಟ್ಟಿದ್ದು 1990ರ ಮೇ 17ಕ್ಕೆ, ಟ್ರಾನ್ಸ್ ಆಗಿರೋದನ್ನ ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗಿಟ್ಟ ಐಸಿಡಿ-11ಕ್ಕೆ (ಅದೇ ಸಂಸ್ಥೆಯ ರೋಗಗಳ ಪಟ್ಟಿಯ ಹೊಸ ಆವೃತ್ತಿ) ಒಪ್ಪಿಗೆ ಸಿಕ್ಕಿದ್ದು 2019ರಲ್ಲಿ. ಮಧ್ಯದ 29 ವರ್ಷ ಡಾಕ್ಟ್ರುಗಳು ಇದನ್ನ ಹೇಗೆ ನೋಡ್ತಿದ್ರು ಅಂತ ಒಬ್ರು ಸೈಕಿಯಾಟ್ರಿಸ್ಟ್‌ನ ಕೇಳಿ ನೋಡಿ, ಒಂದೂವರೆ ಗಂಟೆ ಸಾಲಲ್ಲ. ಮತ್ತೆ ಜೂನ್ ಈ ಸಮುದಾಯದ ಪ್ರೈಡ್ ತಿಂಗಳು, ಆಗ ಎಲ್ಲರಿಗೂ ಇಂಥ ಸ್ಪೀಕರ್‌ಗಳೇ ಬೇಕು, ಅಕ್ಟೋಬರಲ್ಲಿ ಕರೀರಿ, ಆರಾಮಾಗಿ ಡೇಟ್ ಸಿಗುತ್ತೆ.

ಗೌರವಧನ ಎಷ್ಟು, ಓಡಾಟದ ಖರ್ಚು ಯಾರದ್ದು ಅಂತ ಮೊದಲ ಮೇಲ್‌ನಲ್ಲೇ ಬರೀರಿ. ಬೇರೆ ಸಬ್ಜೆಕ್ಟ್‌ನೋರಿಗೆ ದುಡ್ಡು ಕೊಟ್ಟು ಇವ್ರಿಗೆ ಮೊಮೆಂಟೋ ಕೊಟ್ಟು ಕಳ್ಸೋದು ನಾಚಿಕೆಗೇಡು.

ಇನ್ನು ಹೆಸರು. ನಾವು ಒಂದ್ಸಲ ಎಡವಿದ್ದು ಇಲ್ಲೇ. ಪೋಸ್ಟರ್‌ನಲ್ಲಿ ಟ್ರಾನ್ಸ್ ಸ್ಪೀಕರ್ ಹೇಳಿದ ಹೆಸರೇ ಹಾಕಿದ್ವಿ, ಆದ್ರೆ ಗೇಟಿನ ವಿಸಿಟರ್ ಲಿಸ್ಟನ್ನ ಯಾರೋ ಬ್ಯಾಂಕ್ ಫಾರ್ಮ್ ನೋಡ್ಕೊಂಡು ಟೈಪ್ ಮಾಡಿದ್ರು, ಅದ್ರಲ್ಲಿ ಅವ್ರು ಬಿಟ್ಟುಬಿಟ್ಟಿದ್ದ ಹಳೇ ಹೆಸರು. ಸೆಕ್ಯೂರಿಟಿಯೋರು ಅದನ್ನೇ ನಾಲ್ಕು ಜನರ ಮುಂದೆ ಜೋರಾಗಿ ಕೂಗಿದ್ರು. ಅವ್ರು ಏನೂ ಅನ್ಲಿಲ್ಲ, ಆದ್ರೆ ಮುಖ ನೋಡಿದ್ರೆ ಗೊತ್ತಾಗ್ತಿತ್ತು. ದಾಖಲೆ ಹೆಸರು ಅಕೌಂಟ್ಸ್ ಸೆಕ್ಷನ್ ದಾಟಿ ಹೊರಗೆ ಬರಬಾರದು, ಗೇಟಿಗೆ ನೀವೇ ಹೋಗಿ ಕರ್ಕೊಂಡ್ ಬನ್ನಿ. ಪರಿಚಯ ಮಾಡ್ಕೊಡುವಾಗ ಕನ್ನಡದಲ್ಲಿ "ಅವರು" ಅಂದ್ರೆ ಬಚಾವ್, ಎಡವಟ್ಟಾಗೋದು ಶ್ರೀ, ಶ್ರೀಮತಿ ಅಂತ ಶುರು ಮಾಡಿದಾಗ, ಇಲ್ಲಾ ಇಂಗ್ಲಿಷ್ ಬಯೋಡೇಟಾದಲ್ಲಿ ಹೀ, ಶೀ ಅಂತ ಓದುವಾಗ. ಪರಿಚಯದ ನಾಲ್ಕು ಸಾಲನ್ನ ಅವ್ರಿಗೇ ಕಳ್ಸಿ ತಿದ್ದಿಸ್ಕೊಳಿ.

ಅಟೆಂಡೆನ್ಸ್ ಶೀಟ್ ಬೇಡ. ಪ್ರೋಗ್ರಾಂ ಹೆಸರಿನ ಕೆಳಗೆ ಸೈನ್ ಮಾಡೋಕೆ ಹೆದ್ರೋ ಸ್ಟೂಡೆಂಟ್ಸ್‌ಗೇ ಈ ಮಾತು ಜಾಸ್ತಿ ಬೇಕಾಗಿರುತ್ತೆ, ಬೇಕಿದ್ರೆ ತಲೆ ಎಣಿಸ್ಕೊಳಿ. ಕ್ಯಾಮೆರಾ ಸ್ಟೇಜ್ ಕಡೆ ಮಾತ್ರ, ಅದೂ ಸ್ಪೀಕರ್ ಒಪ್ಪಿದ್ರೆ.

ಪ್ರಶ್ನೆಗಳನ್ನ ಚೀಟೀಲಿ ಬರೆಸಿ, ಹೆಸರಿಲ್ದೆ. ಮೈಕ್ ಕೊಟ್ರೆ ಒಬ್ಬ ಎದ್ದು ಹತ್ತು ನಿಮಿಷ ಭಾಷಣ ಮಾಡ್ತಾನೆ, ಇನ್ನೊಬ್ಬ "ಆಪರೇಷನ್ ಆಗಿದ್ಯಾ" ಅಂತಾನೆ. ಚೀಟಿ ಆದ್ರೆ ಮಾಡರೇಟರ್ ಕೈಯಲ್ಲೇ ಅದು ನಿಂತ್ಹೋಗುತ್ತೆ. ಹಾಗಂತ ಒಪ್ಪದೇ ಇರೋರ ಪ್ರಶ್ನೇನೆಲ್ಲ ಎತ್ತಿಡ್ಬೇಡಿ, ಮೈಗೆ ಕೈ ಹಾಕೋ ಪ್ರಶ್ನೆ ಬೇರೆ, ವಾದ ಮಾಡೋ ಪ್ರಶ್ನೆ ಬೇರೆ. ಯಾವುದಕ್ಕೆ ಉತ್ತರ ಕೊಡಲ್ಲ ಅಂತ ಸ್ಪೀಕರ್ ಹತ್ರ ಮೊದ್ಲೇ ಕೇಳಿಟ್ಕೊಳಿ.

ಕೊನೇದಾಗಿ ಹಾಲ್ ಬೀಗ ಹಾಕೋರಿಗೆ ಅರ್ಧ ಗಂಟೆ ತಡವಾಗಿ ಬನ್ನಿ ಅಂತ ಹೇಳಿ. ಎಲ್ಲ ಹೋದ್ಮೇಲೂ ಬ್ಯಾಗ್ ಜಿಪ್ ಹಾಕ್ತಾ ತೆಗೀತಾ ಹಿಂದಿನ ಸಾಲಲ್ಲಿ ಒಬ್ರು ಕೂತಿರ್ತಾರೆ, ಅವ್ರಿಗೆ ಸ್ಪೀಕರ್ ಹತ್ರ ಮಾತಾಡೋದು ಇರುತ್ತೆ.