ಡ್ರಿಲ್ ಇಲ್ಲದೆ ರಿವರ್ಸಲ್ ಹಿಡಿದ ಬಗೆ

ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳ ಮಡ್‌ಸ್ಟೋನನ್ನು (ಹೂಳು ಗಟ್ಟಿಯಾದ ಕಲ್ಲು) ಕೈಯಲ್ಲೇ ಕಿತ್ತು, ಬಳ್ಳಾರಿಗೆ ತಂದು ಕ್ಯೂಬ್ ಮಾಡಿ ಎರಡು ಸೆಕ್ಷನ್ (ಪದರಗಳ ಸಾಲು) ತಾಳೆ ಹಾಕುತ್ತೇವೆ ಅಂದಾಗ ಬಲ್ಲವರೇ ನಕ್ಕರು: ಕಬ್ಬಿಣದ ಅದಿರಿನ ಊರಲ್ಲಿ ಪೇಲಿಯೋಮ್ಯಾಗ್ನೆಟಿಸಮ್ಮಾ ಅಂತ. ಅಂದರೆ, ಕಲ್ಲು ಹುಟ್ಟಿದಾಗ ಅದರಲ್ಲಿ ಉಳಿದ ಭೂಕಾಂತದ ದಿಕ್ಕನ್ನು ಓದುವುದು. ಆ ದಿಕ್ಕು ಇಂದಿನಂತಿದ್ದರೆ ನಾರ್ಮಲ್, ತಿರುಗುಮುರುಗಾಗಿದ್ದರೆ ರಿವರ್ಸ್; ಹಾಗೆ ತಿರುಗುವುದೇ ರಿವರ್ಸಲ್. ಈಗ ತಾಳೆ ಬಿದ್ದಿದೆ, ಬರೆಯುತ್ತಿದ್ದೇವೆ.

ಪೆಟ್ರೋಲ್ ಡ್ರಿಲ್ಲು, ಬಿಟ್ಟು ಸೇರಿದರೆ ಲಕ್ಷ ದಾಟುತ್ತದೆ. ಅಷ್ಟು ಸುರಿದರೂ ಅದರ ನೀರಿಗೆ ಮಡ್‌ಸ್ಟೋನ್ ಉಬ್ಬಿ, ಕೋರ್ ಬ್ಯಾರಲ್ಲಿನೊಳಗೇ ಬಿಸ್ಕತ್ತಿನಂತೆ ಮುರಿಯುತ್ತದೆ. ಅದರ ಬದಲು ಬಡಗಿಯ ಒರಟು ಅರದಿಂದ ಒಂದು ಮುಖ ಸಪಾಟು ಮಾಡಿ, ಸ್ಟ್ರೈಕ್ ಗೆರೆ (ಆ ಮುಖದ ಮೇಲಿನ ಸಮತಲ ಗೆರೆ), ಡಿಪ್ ಬಾಣ (ಮುಖ ವಾಲಿದ ದಿಕ್ಕು) ಎಳೆದ ಮೇಲೇ ಕೀಳುವುದು. ದಿಕ್ಕು ಓದುವಾಗ ಅರ, ಸುತ್ತಿಗೆ ದಿಕ್ಸೂಚಿಯಿಂದ ದೂರ. ಸೈಟಿಗೆ (ಕಲ್ಲು ಕೀಳುವ ಒಂದೊಂದು ಜಾಗಕ್ಕೆ) ಮೂರು ಬ್ಲಾಕ್. ಚೀಲ ಇಲ್ಲಿನ ಜೀನ್ಸ್ ಯೂನಿಟ್‌ಗಳ ಕಟಿಂಗ್ ತುಂಡಿನಿಂದ ಹೊಲಿಸಿದ್ದು. ಸ್ಟೇಪಲ್ ಪಿನ್ ಬೇಡ, ದಾರದ ಗಂಟು ಸಾಕು.

ಸೈಟಿನ ಅಂತರಕ್ಕೆ ಕೈಲೆಕ್ಕ: ಸಾವಿರ ವರ್ಷಕ್ಕೆ 30 ಸೆಂ.ಮೀ. ಹೂಳು ಅಂತ ಹಿಡಿದರೆ, ಸುಮಾರು 80 ಸಾವಿರ ವರ್ಷದ ಜರಮಿಲ್ಲೊ (ರಿವರ್ಸ್ ಕಾಲದ ನಡುವಿನ ಒಂದು ಪುಟ್ಟ ನಾರ್ಮಲ್ ಅವಧಿ) 24 ಮೀಟರಿಗೆ ಮುಗಿಯಿತು. ಏಳೆಂಟು ಮೀಟರಿಗೊಂದು ಸೈಟ್ ಇಲ್ಲದಿದ್ದರೆ ಅದು ಕಣ್ಣು ತಪ್ಪಿಸುತ್ತದೆ.

ಕೊಯ್ಯಲು ಕುಷ್ಟಗಿ ಕಡೆಯ ಗ್ರಾನೈಟ್ ಯೂನಿಟ್ ಸುಲಭ ಅನ್ನಿಸುತ್ತದೆ. ಆದರೆ ಅಲ್ಲಿನ ಗ್ಯಾಂಗ್‌ಸಾ (ಬಂಡೆ ಕೊಯ್ಯುವ ದೊಡ್ಡ ಗರಗಸ) ಓಡುವುದೇ ಸ್ಟೀಲ್ ಗ್ರಿಟ್ ಕಲಸಿದ ರಾಡಿಯಲ್ಲಿ, ಆ ಉಕ್ಕು ಅಂಟಿದರೆ ಅಳತೆ ಕೆಡುತ್ತದೆ. ನಾಲ್ಕೈದು ಸಾವಿರದ ಟೈಲ್ ಕಟರ್, ಹೊಸ ಡೈಮಂಡ್ ಬ್ಲೇಡ್, ಒಣ ಕೊಯ್ತ, ಕೊನೆಗೆ ಉಪ್ಪುಕಾಗದದ ಉಜ್ಜು, 2.5 ಸೆಂ.ಮೀ. ಕ್ಯೂಬ್ ಸಿದ್ಧ. ಸಂಡೂರಿನ ಅದಿರಿನ ಪುಡಿಯನ್ನು ಬೇಕೆಂದೇ ಒಂದು ಕ್ಯೂಬಿಗೆ ಸವರಿ ಅಳೆದೂ ನೋಡಿದೆವು: ದಿಕ್ಕು ಹುಚ್ಚುಚ್ಚಾಯಿತು, ಉಜ್ಜಿದ ಮೇಲೆ ಹಳೇ ಜಾಗಕ್ಕೆ ಬಂತು. ಊರು ನೋಡಿ ನಕ್ಕವರಿಗೆ ಅದೇ ಉತ್ತರ.

ಉದುರುವ ಕಲ್ಲಿಗೆ ಅರಾಲ್ಡೈಟ್ ಅಂಟು ಹಾಕಿದರೆ ಕುಲುಮೆಯಲ್ಲಿ ಸುಟ್ಟುಹೋಗುತ್ತದೆ. ಸೋಡಿಯಂ ಸಿಲಿಕೇಟ್ ತಡೆಯುತ್ತದೆ. ಎಷ್ಟು ನೀರು, ಎಷ್ಟು ಹೊತ್ತು ಅನ್ನುವುದು ಸದ್ಯ ನಮ್ಮಲ್ಲೇ ಇರಲಿ.

ದುಡ್ಡು ತಿಂದದ್ದು ಹೊರಗಿನ ಲ್ಯಾಬಿನ ಹೀಟಿಂಗ್ ಸ್ಟೆಪ್‌ಗಳು: ಆಮೇಲೆ ಅಂಟಿದ ಕಾಂತತೆ ಕಳೆಯಲು ಕ್ಯೂಬನ್ನು ಹಂತಹಂತವಾಗಿ ಬಿಸಿ ಮಾಡಿ ಅಳೆಯುವುದು. ಹಾಗಾಗಿ ಬಣ್ಣಕ್ಕೊಂದೆರಡು ಕ್ಯೂಬಿಗೆ ಮಾತ್ರ ಹದಿನಾಲ್ಕರಷ್ಟು ಸ್ಟೆಪ್, ಉಳಿದವಕ್ಕೆ ಐದಾರು. ಒಂದು ಕೆಂಪು ಕ್ಯೂಬ್ ಬಿಸಿ ಮಾಡುವ ಮೊದಲು ಉತ್ತರಕ್ಕೆ, ಕೆಳಮುಖವಾಗಿ ತೋರಿಸುತ್ತಿತ್ತು. ಇಂದಿನ ಕ್ಷೇತ್ರದ ಮೇಲ್ಬಳಿತ ಅದು. 300 ಡಿಗ್ರಿಗೆ ಪೂರ್ವಕ್ಕೆ ಜಾರಿ, 500ಕ್ಕೆ ದಕ್ಷಿಣ-ಮೇಲ್ಮುಖಕ್ಕೆ ತಿರುಗಿ, 640ರವರೆಗೂ ಅಲ್ಲೇ ಕೂತಿತು. ನೇರ ರಿವರ್ಸ್. ಬೂದು ಕಲ್ಲು ಹಾಗಲ್ಲ. 400 ದಾಟಿದರೆ ಸಸೆಪ್ಟಿಬಿಲಿಟಿ (ಕಾಂತಕ್ಕೆ ಸ್ಪಂದಿಸುವ ಗುಣ) ಏರುತ್ತದೆ, ಕುಲುಮೆಯಲ್ಲೇ ಹೊಸ ಮ್ಯಾಗ್ನೆಟೈಟ್ (ಕಾಂತೀಯ ಕಬ್ಬಿಣದ ಖನಿಜ) ಹುಟ್ಟುತ್ತದೆ. ಅಲ್ಲಿಂದ ಮುಂದಿನ ಸ್ಟೆಪ್ಪಿಗೆ ಕೊಟ್ಟ ದುಡ್ಡು ದಂಡ.

ಒಂಟಿ ಸೈಟಿನ ನಾರ್ಮಲ್ಲನ್ನು ನಾವು ಪಟ್ಟಿಗೆ ಸೇರಿಸುವುದಿಲ್ಲ. ವಯಸ್ಸು ಕಟ್ಟಲು ಒಂದು ಗೂಟ ಬೇಕಲ್ಲ: ಜಮ್ಮು ಹತ್ತಿರದ ನಗ್ರೋಟಾ ಕಡೆ ಗಾಸ್–ಮಟುಯಾಮ ಗಡಿಯ (ನಾರ್ಮಲ್ ಮುಗಿದು ರಿವರ್ಸ್ ಶುರುವಾದ ಗಡಿ, 2.58 ದಶಲಕ್ಷ ವರ್ಷ) ಆಸುಪಾಸಿನಲ್ಲೇ ಜ್ವಾಲಾಮುಖಿ ಬೂದಿಯ ಪದರವಿದೆ. ಆ ಗಡಿಯಿಂದ ಒಲ್ಡುವಾಯ್ (ಇನ್ನೊಂದು ನಾರ್ಮಲ್ ಅವಧಿ) ಬುಡಕ್ಕೆ ಸುಮಾರು 6.3 ಲಕ್ಷ ವರ್ಷ, ಒಲ್ಡುವಾಯ್ ತಾನು 1.7 ಲಕ್ಷ. ಹೂಳಿನ ವೇಗ ತೀರಾ ಏರುಪೇರಾಗದಿದ್ದರೆ ದಪ್ಪದಲ್ಲೂ 3.7ಕ್ಕೆ ಒಂದರ ಆಸುಪಾಸು ಬರಬೇಕು. ಎರಡೂ ಸೆಕ್ಷನ್ನಿನಲ್ಲಿ ಬಂತು. ಒಲ್ಡುವಾಯ್ ಮೇಲಿನ ಬೌಲ್ಡರ್ ಕಾಂಗ್ಲೊಮರೇಟ್‌ನಲ್ಲಿ (ದುಂಡುಕಲ್ಲುಗಳು ಬೆಸೆದ ಬಂಡೆ) ಮಡ್‌ಸ್ಟೋನ್ ಪದರವೇ ಅಪರೂಪ, ಜರಮಿಲ್ಲೊ ಹುಡುಕುವ ಖರ್ಚನ್ನು ಅಲ್ಲಿಗೇ ನಿಲ್ಲಿಸಿದೆವು.