ಟ್ಯಾಂಕಿನ ಏಣಿಗೆ ಕಟ್ಟಿದ ಲೆವೆಲ್ ಪೈಪು

ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಶನಿವಾರ ಬೆಳಗಿನ ಬಸ್ಸು ಹಿಡಿದು ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋಗಿ ಒಂಬತ್ತನೇ ತರಗತಿ ಮಕ್ಕಳ ಜೊತೆ ವಿಜ್ಞಾನ ಮಾಡುತ್ತೇನೆ. ಹೇಗೆ ಶುರು ಮಾಡಬೇಕು, ಏನೇನು ಸಾಮಾನು ಬೇಕು ಅಂತ ಜೂನಿಯರ್‌ಗಳು ಕೇಳುತ್ತಿರುತ್ತಾರೆ. ಅವರಿಗಾಗಿ ಬರೆದದ್ದು ಇದು.

ಹಳ್ಳಿ ಶಾಲೆಗೆ ಬರುವ ವಿಜ್ಞಾನ ಕಾರ್ಯಕ್ರಮಗಳಲ್ಲಿ ನಾನು ನೋಡಿದ್ದು ಹೆಚ್ಚಾಗಿ ಹೊಗೆ, ಬಣ್ಣ, ಢಂ ಅನ್ನುವ ಸದ್ದು. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಫೋಟೋ ಆಗುತ್ತದೆ, ವ್ಯಾನು ಹೊರಡುತ್ತದೆ. ನನಗೆ ಅದಕ್ಕೂ ಜಾದೂಗೂ ವ್ಯತ್ಯಾಸ ಕಂಡಿಲ್ಲ. ತಾನೇ ಅಳೆದ ಮಗು ಪುಸ್ತಕದ ಜೊತೆಗೂ ಜಗಳಕ್ಕೆ ನಿಲ್ಲುತ್ತದೆ, ನನಗೆ ಬೇಕಿರುವುದು ಅದು. ಹಾಗಾಗಿ ನನ್ನ ಬ್ಯಾಗಿನಲ್ಲಿ ಟೇಪು, ದಾರ, ಮಾರ್ಕರ್, ಗ್ರಾಫ್ ಹಾಳೆ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಶಾಲೆಯ ಬೀರುವಿನಲ್ಲಿ ಗಾಜಿನ ಸಾಮಾನು ಇರುತ್ತದೆ, ಆದರೆ ಒಡೆದರೆ ಸ್ಟಾಕ್ ರಿಜಿಸ್ಟರ್‌ಗೆ ಉತ್ತರ ಕೊಡಬೇಕಾದವರು ಮೇಷ್ಟ್ರು. ಅವರು ಬೀಗ ತೆಗೆಯಲು ಹಿಂದೆಮುಂದೆ ನೋಡಿದರೆ ದೂರಲಾಗದು.

ಹೆಡ್‌ಮಾಸ್ಟರ್ ಮೊದಲು ಹೇಳುವುದು ಒಂದೇ: "ಪೋರ್ಷನ್ ಮುಗಿದಿಲ್ಲಪ್ಪ." ಯಾವ ಪಾಠಕ್ಕೆ ಯಾವ ಚಟುವಟಿಕೆ ಅಂತ ಒಂದು ಹಾಳೆಯಲ್ಲಿ ಬರೆದುಕೊಡಿ, ಅರ್ಧ ಕೆಲಸ ಆದಂತೆ. ನಾನು ಎಂಟು, ಒಂಬತ್ತನೇ ತರಗತಿಯ ಒತ್ತಡದ ಪಾಠ ಹಿಡಿದೆ. ಕಾರಣ, ಬೋರ್‌ವೆಲ್. ಜಗಳೂರು ಬರಪೀಡಿತ ಸೀಮೆ. ಇಲ್ಲಿ ಎಷ್ಟು ಅಡಿ ಕೊರೆಸಿದರು, ಎಷ್ಟು ಇಂಚು ನೀರು ಬಿತ್ತು ಅನ್ನುವುದು ಮನೆಮನೆಯ ಮಾತು.

ಮೊದಲ ವಾರ ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪು ತಂದು, ಒಂದು ತುದಿಯನ್ನು ಬೆಲ್ಲದ ಪಾನಕದ ಕೊಡದಲ್ಲಿ ಬಿಟ್ಟೆ. ಇನ್ನೊಂದು ತುದಿ ಹಿಡಿದವರು ತಾರಸಿ ಮೆಟ್ಟಿಲು ಹತ್ತುತ್ತಾ ಹೀರಬೇಕು. ಎರಡು ಮೆಟ್ಟಿಲಿಗೆ ಎಲ್ಲರೂ ಶೂರರೇ. ಮೇಲೆ ಹೋದಂತೆ ಕೆನ್ನೆ ಒಳಗೆ ಹೋಗಿ, ಕಣ್ಣು ಕೆಂಪಗಾಗಿ, ಪಾನಕ ಅಲ್ಲೇ ನಿಂತಿತು. "ದಮ್ಮು ಸಾಲಲ್ಲ ಅಷ್ಟೇ. ಮೋಟ್ರು ಆದ್ರೆ ಎಳಿತತಿ" ಅಂದ ಒಬ್ಬ. ಎಂಥಾ ಮೋಟ್ರಾದರೂ ಎಳೆಯಲು ಒಂದು ಮಿತಿ ಇದೆಯಾ, ಮುಂದಿನ ವಾರ ನೋಡೋಣ ಅಂದೆ.

ಮುಂದಿನ ವಾರ ಊರಿನ ನೀರಗಂಟಿಯವರನ್ನು ಒಪ್ಪಿಸಿ ಓವರ್‌ಹೆಡ್ ಟ್ಯಾಂಕಿನ ಹತ್ತಿರ ಸೇರಿದೆವು. ಏಣಿ ಹತ್ತಿದ್ದು ಅವರೊಬ್ಬರೇ, ಮಕ್ಕಳೆಲ್ಲ ಕೆಳಗೆ. ನಲವತ್ತು ಅಡಿ ಪೈಪಿಗೆ ಬಟ್ಟೆಗೆ ಹಾಕುವ ನೀಲಿ ಬೆರೆಸಿದ ನೀರು ತುಂಬಿದೆವು. ಒಂದು ತುದಿ ಮಡಚಿ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು, ಇನ್ನೊಂದನ್ನು ಬಕೆಟ್ಟಿನ ನೀರಲ್ಲಿ ಮುಳುಗಿಸಿಟ್ಟು, ಬಿಗಿದ ತುದಿಯನ್ನು ಹಗ್ಗದಿಂದ ಮೇಲೆ ಎಳೆದೆವು. (ದಪ್ಪ ಗೋಡೆಯ ಪೈಪು ತನ್ನಿ, ತೆಳುವಾದದ್ದು ಮೇಲೆ ಹೋದಾಗ ಚಪ್ಪಟೆಯಾಗುತ್ತದೆ.) ಇಪ್ಪತ್ತು ಅಡಿ, ಇಪ್ಪತ್ತೈದು ಅಡಿ, ನೀಲಿ ತುದಿಯವರೆಗೂ ತುಂಬಿಯೇ ಇತ್ತು. ಮೂವತ್ತರ ಹತ್ತಿರ ಪೈಪು ಮಾತ್ರ ಮೇಲಕ್ಕೆ ಹೋಯಿತು, ನೀಲಿ ಅಲ್ಲೇ ಉಳಿಯಿತು. ಸಣ್ಣ ಗುಳ್ಳೆಗಳು ಏಳತೊಡಗಿದವು. ಜೊತೆಗೆ ಇಳಿಬಿಟ್ಟಿದ್ದ ಟೇಪು ನೋಡಿ ನೀರಗಂಟಿಯವರು ಕೂಗಿದರು: "ಮೂವತ್ತಕ್ಕೆ ಒಂಚೂರು ಕಮ್ಮಿ!"

ಪೈಪಿನ ನೀರನ್ನು ಎತ್ತಿ ಹಿಡಿಯುವುದು ಬಕೆಟ್ಟಿನ ನೀರನ್ನು ಒತ್ತುವ ಹೊರಗಿನ ಗಾಳಿ. ಸಮುದ್ರಮಟ್ಟದಲ್ಲಿ ಅದು ಹಿಡಿಯಬಲ್ಲ ಎತ್ತರ ಪುಸ್ತಕದ ಲೆಕ್ಕದಲ್ಲಿ 10.3 ಮೀಟರ್, ಅಂದರೆ ಸುಮಾರು 34 ಅಡಿ. "ಪುಸ್ತಕದ್ದು ತಪ್ಪು" ಅಂದಳು ಒಬ್ಬಳು. ಒಂದಿಡೀ ತರಗತಿ ಆ ನಾಲ್ಕು ಅಡಿಯ ಮೇಲೆಯೇ ಕಳೆಯಿತು, ನನ್ನ ಪ್ರಕಾರ ಅದೇ ಅತ್ಯುತ್ತಮ ತರಗತಿ. ದಾವಣಗೆರೆ ಸೀಮೆ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ, ಬಕೆಟ್ಟಿನ ನೀರನ್ನು ಒತ್ತುವ ಗಾಳಿಯೇ ಇಲ್ಲಿ ಕಡಿಮೆ. ಅದರಿಂದ ಎರಡು ಅಡಿ ಹೋಯಿತು. ಪೈಪಿನ ತುದಿ ಪೂರ್ತಿ ಬರಿದಲ್ಲ, ಅಲ್ಲಿ ನೀರಾವಿ ತುಂಬಿ ಕೆಳಗೆ ತಳ್ಳುತ್ತದೆ. ಅದಕ್ಕೆ ಇನ್ನೊಂದು ಅಡಿ. ಉಳಿದದ್ದಕ್ಕೆ ನೀರಿನಿಂದ ಬಿಟ್ಟುಕೊಂಡ ಗಾಳಿ ಕಾರಣ. 1640ರ ದಶಕದಲ್ಲಿ ಇಟಲಿಯ ವಿಜ್ಞಾನಿ ಟೊರಿಚೆಲ್ಲಿ ಇದನ್ನೇ ಪಾದರಸದಲ್ಲಿ ಮಾಡಿದ್ದು. ಪಾದರಸ ಭಾರ, ಹಾಗಾಗಿ ಅವನಿಗೆ ಟ್ಯಾಂಕು ಬೇಕಾಗಲಿಲ್ಲ.

"ಹಂಗಾದ್ರೆ ಎಂಟ್ನೂರು ಅಡಿ ಬೋರ್‌ನಾಗಿಂದ ನೀರು ಹೆಂಗ್ ಬರ್ತತಿ ಅಣ್ಣ?" ಉತ್ತರ ಕೊಟ್ಟಿದ್ದು ನಾನಲ್ಲ. ಒಬ್ಬ ಹುಡುಗನ ಅಪ್ಪ ಕೆಟ್ಟ ಮೋಟ್ರು ಎತ್ತುವ ಕೆಲಸದವರು. ಸಬ್‌ಮರ್ಸಿಬಲ್ ಪಂಪು ನೀರೊಳಗೇ ಕೂತು ಕೆಳಗಿನಿಂದ ತಳ್ಳುತ್ತದೆ, ಅದರೊಳಗಿನ ಒಂದೊಂದು ಸ್ಟೇಜೂ (ತಿರುಗುವ ಚಕ್ರದ ಹಂತ) ಇಷ್ಟಿಷ್ಟು ಅಡಿ ನೂಕುತ್ತದೆ, ಆಳ ಹೆಚ್ಚಾದರೆ ಸ್ಟೇಜು ಹೆಚ್ಚು ಹಾಕಬೇಕು ಅಂತ ಆ ಹುಡುಗ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದ. ನೀರು ಇಳಿದಂತೆ ಅಜ್ಜಂದಿರು ತೆರೆದ ಬಾವಿಯೊಳಗೆ ಕಟ್ಟೆ ಮಾಡಿ ಪಂಪನ್ನೇ ಕೆಳಗಿಳಿಸುತ್ತಿದ್ದದ್ದು ಯಾಕೆಂದು ಉಳಿದವರಿಗೂ ಹೊಳೆಯಿತು.

ಮುಂದಿನದು ನೆರಳು. ಜಗಳೂರಿನ ಅಕ್ಷಾಂಶ ಸುಮಾರು 14.5 ಡಿಗ್ರಿ. ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ 13ರ ಆಸುಪಾಸು ಇನ್ನೊಮ್ಮೆ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆ ಹೊತ್ತಿನಲ್ಲಿ ನೆರಳೇ ಇರುವುದಿಲ್ಲ. ಏಪ್ರಿಲ್‌ನಲ್ಲಿ ರಜೆ, ಆಗಸ್ಟ್‌ನಲ್ಲಿ ಮೋಡದ ಕಾಟ, ಆದರೂ ನಮ್ಮದು ಮಳೆ ಕಡಿಮೆಯ ಸೀಮೆ, ನಂಬಿಕೆ ಇದೆ. ಅದೇ ದಿನ ಕಲಬುರಗಿಯಲ್ಲಿ ಒಂದು ಮೀಟರ್ ಕೋಲಿನ ನೆರಳು ಸುಮಾರು 5 ಸೆಂಟಿಮೀಟರ್ ಬೀಳಬೇಕು. ಆ ನೆರಳಿನ ಕೋನ, ಎರಡೂ ಊರಿನ ಮಧ್ಯದ ನೇರ ದೂರ ಇದ್ದರೆ ಭೂಮಿಯ ಸುತ್ತಳತೆ ಕೈಗೆ ಬರುತ್ತದೆ. ಅಲ್ಲಿ ಅಳೆಯಲು ನಮಗೊಂದು ಶಾಲೆ ಬೇಕಾಗಿದೆ. ಕಲಬುರಗಿ ಕಡೆಯ ಗೆಳೆಯರೇ, ತೂಕದ ದಾರ ಹಿಡಿದು ಕೋಲನ್ನು ನೆಟ್ಟಗೆ ನಿಲ್ಲಿಸಿ. 12.15ರಿಂದ 12.45ರವರೆಗೆ ಎರಡು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿ, ಅತಿ ಚಿಕ್ಕದನ್ನು ನಮಗೆ ಹೇಳಿದರೆ ಸಾಕು. ಬಿಸಿಯೂಟದ ಬೆಲ್ಲನ್ನು ಅರ್ಧ ಗಂಟೆ ಮುಂದೆ ಹಾಕುವಂತೆ ಹೆಡ್‌ಮಾಸ್ಟರಿಗೆ ಮೊದಲೇ ಹೇಳಿಡಿ.