ನೋಟ್ಸ್, ಪಿಪಿಟಿಯಿಂದ ತೆಗೆದುಕೊಂಡಿದ್ದಕ್ಕೆ ಉಲ್ಲೇಖ ಕೊಡುವುದು ಹೇಗೆ?

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಿರಲಿ, ಹುಬ್ಬಳ್ಳಿ, ಗದಗ, ಹಾವೇರಿಯ ಕಾಲೇಜುಗಳಿರಲಿ, ಪ್ರಾಜೆಕ್ಟ್ ವರದಿ ಬರೆಯಲು ಕೂತವರ ಕೈಗೆ ಮೊದಲು ಸಿಗುವುದು ಸರ್ ಬರೆಸಿದ ನೋಟ್ಸ್ ಮತ್ತು ವಾಟ್ಸ್‌ಆ್ಯಪ್ ಗ್ರೂಪಿಗೆ ಬಿದ್ದ ಪಿಪಿಟಿ. ಬಳಸಲು ಅಡ್ಡಿಯಿಲ್ಲ. ಆದರೆ ಹೆಚ್ಚಿನ ಸಲ ಉಲ್ಲೇಖಿಸಬೇಕಾದದ್ದು ನೋಟ್ಸನ್ನಲ್ಲ, ಅದರ ಹಿಂದಿರುವ ಮೂಲವನ್ನು.

ಮೊದಲು ಮಾತು ಯಾರದೆಂದು ನೋಡಿ

ಸ್ಲೈಡ್ ಒಂದರಲ್ಲಿ ‘ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ್ದನ್ನು 1007ರ ಶಾಸನ ಹೇಳುತ್ತದೆ’ ಎಂದಿದೆ ಎನ್ನಿ. ಇದು ಪಾಠ ಮಾಡಿದವರ ಸಂಶೋಧನೆಯಲ್ಲ. ಶಾಸನ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಎಂಬ ಶಾಸನ ಸಂಪುಟಮಾಲೆಯ 11ನೇ ಸಂಪುಟದಲ್ಲಿ ಅಚ್ಚಾಗಿದೆ. ಗ್ರಂಥಾಲಯಕ್ಕೆ ಹೋಗಿ ಸಂಪುಟ ತೆರೆದು, ಶಾಸನದ ಸಂಖ್ಯೆ, ಪುಟ ನೋಡಿ ಅದನ್ನೇ ಕೊಡಿ. ಹಾಗೆ ತೆರೆದಾಗಲೇ ಸ್ಲೈಡಿನಲ್ಲಿ ತಪ್ಪಿಬಿದ್ದ ಇಸವಿ, ಹೆಸರುಗಳೂ ಕಣ್ಣಿಗೆ ಬೀಳುವುದು. ನೋಡದ ಸಂಪುಟವನ್ನು ನೋಡಿದಂತೆ ಬರೆಯಬೇಡಿ. ಮೌಖಿಕ ಪರೀಕ್ಷೆಯಲ್ಲಿ ಪುಟ ತೆಗೆಯಲು ಹೇಳಿದರೆ ಬಾಯಿ ಕಟ್ಟುತ್ತದೆ.

ಉಪನ್ಯಾಸಕರದೇ ವಾದ, ಅವರೇ ಮಾಡಿದ ಪಟ್ಟಿ, ಅವರೇ ತೆಗೆದ ಫೋಟೊ ಆಗಿದ್ದರೆ ಮಾತ್ರ ಉಪನ್ಯಾಸವನ್ನು ಉಲ್ಲೇಖಿಸಿ. ಝೆರಾಕ್ಸ್ ಅಂಗಡಿಯಲ್ಲಿ ಮಾರುವ, ಬರೆದವರ ಹೆಸರೇ ಇಲ್ಲದ ನೋಟ್ಸಿಗೆ ಉಲ್ಲೇಖ ಕೊಡುವ ಗೋಜಿಗೇ ಹೋಗಬೇಡಿ, ಮೂಲ ಹುಡುಕಿ.

ವಿವರ ಬರೆದಿಟ್ಟುಕೊಳ್ಳಿ

ಉಪನ್ಯಾಸಕರ ಪೂರ್ಣ ಹೆಸರು, ಪಾಠದ ಶೀರ್ಷಿಕೆ, ಪತ್ರಿಕೆಯ (ಪೇಪರ್) ಹೆಸರು, ದಿನಾಂಕ, ವಿಭಾಗ, ಊರು, ಸ್ಲೈಡ್ ಸಂಖ್ಯೆ: ಇಷ್ಟು ಬೇಕು. ಫೋನಿನಲ್ಲಿ ಕಾಣುವ ದಿನಾಂಕವನ್ನು ನಂಬಬೇಡಿ, ಅದು ಫೈಲ್ ನಿಮಗೆ ಬಂದ ದಿನ. ಫೈಲಿನ ಪ್ರಾಪರ್ಟೀಸ್‌ನಲ್ಲಿ ಲೇಖಕ ಎಂದು ತೋರಿಸುವ ಹೆಸರು ಎಷ್ಟೋ ಸಲ ಲ್ಯಾಪ್‌ಟಾಪ್ ಮಾಲೀಕರದು. ಅನುಮಾನವಿದ್ದರೆ ಸರ್ ಅಥವಾ ಮೇಡಂ ಅವರನ್ನೇ ಕೇಳಿ.

ಶೈಲಿಗೆ ತಕ್ಕಂತೆ ಬರೆಯಿರಿ

ಉಲ್ಲೇಖ ಕೊಡುವ ಶೈಲಿಗಳಲ್ಲಿ ಒಂದಾದ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಕೈಪಿಡಿಯ 7ನೇ ಆವೃತ್ತಿ ಕೇಳುವುದು ಒಂದೇ: ಓದುಗರು ಆ ಸಾಮಗ್ರಿಯನ್ನು ತೆರೆದು ನೋಡಬಲ್ಲರೇ? ಪಿಪಿಟಿ ಎಲ್ಲರಿಗೂ ಸಿಗುವ ಜಾಲತಾಣದಲ್ಲಿದ್ದರೆ ಆಕರಸೂಚಿಯಲ್ಲಿ ಹೆಸರು, ದಿನಾಂಕ, ಶೀರ್ಷಿಕೆ, ಚೌಕ ಆವರಣದಲ್ಲಿ ‘ಪವರ್‌ಪಾಯಿಂಟ್ ಸ್ಲೈಡ್‌ಗಳು’, ತಾಣದ ಹೆಸರು, ಲಿಂಕ್ ಈ ಕ್ರಮದಲ್ಲಿ ಬರಬೇಕು. ಗೂಗಲ್ ಕ್ಲಾಸ್‌ರೂಮ್‌ನಂಥ ಲಾಗಿನ್ ಬೇಕಾದ ಕಡೆ ಇದ್ದರೆ, ವರದಿ ಓದುವವರಿಗೂ ಅಲ್ಲಿ ಪ್ರವೇಶವಿದ್ದಾಗ ಮಾತ್ರ ಹೀಗೆ ಕೊಡಬಹುದು. ವಾಕ್ಯವನ್ನು ಹಾಗೇ ಎತ್ತಿಕೊಂಡಲ್ಲಿ ಪುಟದ ಬದಲು ಸ್ಲೈಡ್ ಸಂಖ್ಯೆ: (ಹಿರೇಮಠ, 2024, ಸ್ಲೈಡ್ 7).

ಕೇಳಿ ಬರೆದುಕೊಂಡ ನೋಟ್ಸ್ ನಿಮ್ಮ ವಹಿಯಲ್ಲಷ್ಟೇ ಇರುವುದರಿಂದ ಎಪಿಎ ಅದನ್ನು ‘ವೈಯಕ್ತಿಕ ಸಂವಹನ’ ಎನ್ನುತ್ತದೆ. ಇನಿಶಿಯಲ್, ಹೆಸರು, ‘ವೈಯಕ್ತಿಕ ಸಂವಹನ’, ದಿನಾಂಕ ಇವಿಷ್ಟನ್ನು ವಾಕ್ಯದ ಪಕ್ಕ ಆವರಣದಲ್ಲಿ ಹಾಕಿ, ಆಕರಸೂಚಿಗೆ ಸೇರಿಸಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಶೈಲಿಯಲ್ಲಿ ಇದಕ್ಕೆ ಉಲ್ಟಾ: ಉಪನ್ಯಾಸವೂ ಸೂಚಿಗೆ ಹೋಗುತ್ತದೆ, ಕೊನೆಯಲ್ಲಿ ‘ತರಗತಿ ಉಪನ್ಯಾಸ’ ಎಂದು ನಮೂದಿಸಿದರಾಯಿತು. ನಿಮ್ಮ ವಿಭಾಗಕ್ಕೆ ಯಾವ ಶೈಲಿ ಬೇಕೆಂದು ಗೈಡ್‌ಗೆ ಮೊದಲೇ ಕೇಳಿ.

ಹೆಸರಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಅನುಕೂಲವಿದೆ. ಪಾಟೀಲ, ಕುಲಕರ್ಣಿ, ಹಿರೇಮಠ ಎಂಬ ಅಡ್ಡಹೆಸರು ಇರುವುದರಿಂದ ಆಕರಸೂಚಿಯಲ್ಲಿ ಅದನ್ನು ಮೊದಲು ಬರೆದು ಇನಿಶಿಯಲ್ ಆಮೇಲೆ ಹಾಕಿದರೆ ಮುಗಿಯಿತು. ಅಡ್ಡಹೆಸರಿಲ್ಲದವರ ಸ್ವಂತ ಹೆಸರನ್ನೇ ಮೊದಲು ಬರೆಯಿರಿ. ‘ಡಾ.’, ‘ಪ್ರೊ.’ ಯಾವುದೂ ಬೇಡ. ಗೌರವಕ್ಕೆ ಕೃತಜ್ಞತೆಯ ಪುಟವಿದೆ.

ಬರೆಸಿದ ನೋಟ್ಸ್‌ನ ಅಪಾಯ

ಪಠ್ಯಪುಸ್ತಕ ನೋಡಿ ಬರೆಸಿದ ಒಂದೇ ಪ್ಯಾರಾವನ್ನು ಇಡೀ ತರಗತಿ ವರದಿಗೆ ಇಳಿಸಿದರೆ, ಸಾಮ್ಯತೆ ತಪಾಸಣೆಯ ತಂತ್ರಾಂಶ ಪುಸ್ತಕದ ಜೊತೆಗೂ, ಮೊದಲೇ ಸಲ್ಲಿಕೆಯಾದ ಗೆಳೆಯರ ವರದಿಯ ಜೊತೆಗೂ ಅದನ್ನು ತಾಳೆ ಹಾಕಬಹುದು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮದಂತೆ ಪ್ರಬಂಧದಲ್ಲಿ ಸಾಮ್ಯತೆ ಶೇ 10ರವರೆಗೆ ಇದ್ದರೆ ದಂಡನೆಯಿಲ್ಲ. ಅದಕ್ಕಿಂತ ಮೇಲೆ ಶೇ 40ರವರೆಗೆ ಹೋದರೆ ಗರಿಷ್ಠ 6 ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. ಶೇ 60 ದಾಟಿದರೆ ನೋಂದಣಿಯೇ ರದ್ದು. ಮೂಲ ತೋರಿಸಿ ಉದ್ಧರಿಸಿದ ಭಾಗ ಮತ್ತು ಆಕರಸೂಚಿ ಈ ಲೆಕ್ಕಕ್ಕೆ ಬರುವುದಿಲ್ಲ.

ಉಪನ್ಯಾಸಕರು ಇನ್ನೂ ಪ್ರಕಟಿಸದ ವಿಚಾರವಾಗಿದ್ದರೆ ನೀವು ಬರೆದ ವಾಕ್ಯವನ್ನೇ ಅವರಿಗೆ ಇ-ಮೇಲ್ ಮಾಡಿ ಒಪ್ಪಿಗೆ ತೆಗೆದುಕೊಳ್ಳಿ. ಕೇಳಿಸಿಕೊಂಡದ್ದರಲ್ಲಿ ತಪ್ಪಿದ್ದರೆ ಅವರೇ ತಿದ್ದಿ ಕಳಿಸುತ್ತಾರೆ.